ಸಹಿ ಹಾಕಿಸಿದ ಸಿಂಹ

ಧರ್ಮ, ಸಮಾಜ, ಸಂಸಾರಗಳ ವಿಚಾರಕ್ಕೆ ಮೀಸಲಾದ ಮಾಸಿಕದಲ್ಲಿ ತಮಿಳು ಹೊಡೆದಾಟದ ಚಿತ್ರವೊಂದರ ಮಾತೇಕೆ ಎಂದು ಹಿರಿಯರಾದ ಕೆಲವು ಓದುಗ ಬಂಧುಗಳು ಹುಬ್ಬೇರಿಸಬಹುದು. ಆದರೆ ಇಂದು ನಮ್ಮ ಮನೆಗಳಲ್ಲಿ ಸಂಜೆಯ ಲಿಂಗಪೂಜೆ ಮುಗಿದು ಹಣೆಯ ವಿಭೂತಿ ಆರುವ ಮೊದಲೇ ಪಡಸಾಲೆಯ ಪರದೆಯ ಮೇಲೆ ಖಾಕಿ ತೊಟ್ಟ ನಾಯಕನೊಬ್ಬ ಹತ್ತು ಜನರನ್ನು ಗಾಳಿಗೆ ತೂರುತ್ತಿರುತ್ತಾನೆ. ಅಜ್ಜ, ಮಗ, ಮೊಮ್ಮಗ ಮೂವರೂ ಒಟ್ಟಿಗೆ ಕುಳಿತು ನೋಡುವಂಥದು ಈಗ ಬಹಳ ಉಳಿದಿಲ್ಲ. ಉಳಿದಿರುವ ಅಲ್ಪಸ್ವಲ್ಪದಲ್ಲಿ ಈ ಪೊಲೀಸ್ ನಾಯಕನ ಕಥೆಯೂ ಒಂದು. ಮೂರು ತಲೆಮಾರುಗಳು ಕೂಡಿ ಚಪ್ಪಾಳೆ ತಟ್ಟುವುದು ಯಾವುದಕ್ಕೆ ಎಂಬುದನ್ನು ವಿಚಾರಿಸುವುದು ಈ ಅಂಕಣಕ್ಕೆ ಹೊರತಾದ ಕೆಲಸವಲ್ಲ ಎಂದೇ ನಮ್ಮ ಭಾವನೆ.

ನಾವು ಹೇಳಹೊರಟಿರುವುದು ೨೦೧೦ರ ಮೇ ತಿಂಗಳಲ್ಲಿ ತೆರೆಕಂಡ ‘ಸಿಂಗಂ’ ಎಂಬ ಚಿತ್ರದ ವಿಷಯ. ನಿರ್ದೇಶಕರು ಹರಿ. ನಾಯಕ ಸೂರ್ಯ, ಅದು ಅವರ ೨೫ನೆಯ ಚಿತ್ರ. ನಾಯಕಿ ನಮ್ಮ ಮಂಗಳೂರಿನ ಕಡೆಯ ಅನುಷ್ಕಾ ಶೆಟ್ಟಿ. ಖಳನಾಯಕನ ಪಾತ್ರದಲ್ಲಿ ಕನ್ನಡಿಗರೇ ಆದ ಪ್ರಕಾಶ್ ರಾಜ್. ತಮಿಳುನಾಡಿನ ದಕ್ಷಿಣದ ತುದಿಯ ತೂತ್ತುಕುಡಿ ಸೀಮೆಯಲ್ಲಿ ನಲ್ಲೂರು ಎಂಬ ಸಣ್ಣ ಊರು. ಅಲ್ಲಿಯ ಠಾಣೆಯ ಸಬ್‌ಇನ್‌ಸ್ಪೆಕ್ಟರ್ ದೊರೈಸಿಂಗಂ. ಹುಟ್ಟಿದೂರಿನಲ್ಲಿಯೇ ಕೆಲಸ. ತಂದೆಯ ಅಂಗಡಿಯನ್ನು ನೋಡಿಕೊಂಡು ಇರಬೇಕೆಂದಿದ್ದವನು ತಂದೆಯ ಆಸೆಗೆ ತಲೆಬಾಗಿ ಖಾಕಿ ತೊಟ್ಟವನು. ಊರಿನ ಜಗಳಗಳನ್ನು ಆದಷ್ಟೂ ಮಾತಿನಲ್ಲಿಯೇ ಬಗೆಹರಿಸುತ್ತಾನೆ. ಇಷ್ಟರಲ್ಲಿ ಮದ್ರಾಸಿನ, ಎಂದರೆ ಇಂದಿನ ಚೆನ್ನೈನ, ಮಯಿಲ್‌ವಾಗನಂ ಎಂಬ ಸುಲಿಗೆಕೋರನಿಗೆ ಷರತ್ತಿನ ಮೇಲೆ ಜಾಮೀನು ದೊರೆಯುತ್ತದೆ. ಷರತ್ತು ಇಷ್ಟೆ: ಆತ ನಲ್ಲೂರಿನ ಠಾಣೆಗೆ ಬಂದು ಸಹಿ ಹಾಕಬೇಕು. ದೊಡ್ಡ ಮನುಷ್ಯ ತಾನೇಕೆ ಬಂದಾನು? ತನ್ನ ಬದಲಿಗೆ ಆಳೊಬ್ಬನನ್ನು ಕಳಿಸುತ್ತಾನೆ. ದೊರೈಸಿಂಗಂ ಒಪ್ಪುವುದಿಲ್ಲ. ಯಾರ ಹೆಸರು ನ್ಯಾಯಾಲಯದ ಆದೇಶದಲ್ಲಿದೆಯೋ ಅವನೇ ಬಂದು ಸಹಿ ಹಾಕಬೇಕು ಎಂದು ಪಟ್ಟುಹಿಡಿದು, ಕೊನೆಗೂ ಆ ಮಹಾಶಯನನ್ನು ಕರೆಸಿ ಹಾಕಿಸಿಯೇ ತೀರುತ್ತಾನೆ. ಊರಿಗೆ ಊರೇ ಅವನ ಬೆನ್ನಿಗೆ ನಿಲ್ಲುತ್ತದೆ.

ಈ ಪ್ರಸಂಗವನ್ನು ನಾವು ಇಷ್ಟು ವಿಸ್ತಾರವಾಗಿ ಹೇಳಿದ್ದಕ್ಕೆ ಕಾರಣವಿದೆ. ಇಡೀ ಚಿತ್ರದ ಹಗೆತನ ಹುಟ್ಟುವುದು ಇಲ್ಲಿಂದ. ಅದೂ ಒಂದು ಹೊಡೆತದಿಂದಲ್ಲ, ಒಂದು ಸಹಿಯಿಂದ. ಠಾಣೆಯ ಒಂದು ಹಳೆಯ ಪುಸ್ತಕ, ಒಂದು ಲೇಖನಿ, ನ್ಯಾಯಾಲಯದ ಒಂದು ಆದೇಶ. ಇವುಗಳ ಮುಂದೆ ಕೋಟ್ಯಧಿಪತಿಯೂ ಕೂಲಿಯವನೂ ಒಂದೇ ಎಂಬುದನ್ನು ತೋರಿಸುವ ಆ ಕೆಲವು ನಿಮಿಷಗಳು, ನಮ್ಮ ದೃಷ್ಟಿಯಲ್ಲಿ, ಇಡೀ ಚಿತ್ರದಲ್ಲಿಯೇ ಶ್ರೇಷ್ಠವಾದವು. ಅಲ್ಲಿ ನಾಯಕನು ಕಾನೂನಿನ ಒಂದಕ್ಷರವನ್ನೂ ಮೀರಿಲ್ಲ. ಮೀರಲು ಸಿದ್ಧನಿಲ್ಲದಿರುವುದೇ ಅವನ ಶೌರ್ಯ.

ಆಮೇಲಿನ ಕಥೆ ಬೇರೆ ದಾರಿ ಹಿಡಿಯುತ್ತದೆ. ಅವಮಾನಿತನಾದ ಮಯಿಲ್‌ವಾಗನಂ ತನ್ನ ರಾಜಕೀಯ ಬಲದಿಂದ ದೊರೈಸಿಂಗನನ್ನು ಚೆನ್ನೈಗೆ ವರ್ಗ ಮಾಡಿಸುತ್ತಾನೆ. ಅಲ್ಲಿ ಇಲಾಖೆಯ ಮೇಲಧಿಕಾರಿಯೇ ದುಷ್ಟರ ಕೈಗೂಸು. ಅಪಹರಣ, ಬೆದರಿಕೆ, ಬೆನ್ನಟ್ಟುವಿಕೆ ಎಲ್ಲವೂ ನಡೆದು ಕಡೆಗೆ ಖಳನು ನಾಯಕನ ಕೈಯಲ್ಲಿ ಸಾಯುತ್ತಾನೆ. ನ್ಯಾಯಾಲಯವೆಂಬುದು ಕಥೆಯ ಹಿಂದೆಲ್ಲೋ ಉಳಿದುಹೋಗುತ್ತದೆ. ಸಹಿಯಿಂದ ಆರಂಭವಾದದ್ದು ಸಾವಿನಲ್ಲಿ ಮುಗಿಯುತ್ತದೆ. ನಡುವೆ ತನ್ನ ಏಟಿನ ತೂಕ ಎಷ್ಟು ಟನ್ನು ಎಂದು ನಾಯಕನು ಹೇಳಿಕೊಳ್ಳುವ ಮಾತು ಊರೂರಿನ ಹುಡುಗರ ಬಾಯಿಗೆ ಬೀಳುತ್ತದೆ. ಸಹಿಯ ಪ್ರಸಂಗವನ್ನು ನೆನೆಯುವವರು ವಿರಳ, ಏಟಿನ ತೂಕ ಎಲ್ಲರಿಗೂ ಗೊತ್ತು.

ಚಿತ್ರದ ಯಶಸ್ಸು ತಮಿಳಿನ ಗಡಿಯಲ್ಲಿ ನಿಲ್ಲಲಿಲ್ಲ. ೨೦೧೧ರಲ್ಲಿ ಕನ್ನಡದಲ್ಲಿ ಇದೇ ಕಥೆ ‘ಕೆಂಪೇಗೌಡ’ವಾಯಿತು; ಸುದೀಪ್ ನಟಿಸಿದ್ದಲ್ಲದೆ ನಿರ್ದೇಶನವನ್ನೂ ಮಾಡಿದರು. ರವಿಶಂಕರ್ ಅವರ ಆರ್ಮುಗಂ ಪಾತ್ರವಂತೂ ನಾಯಕನಷ್ಟೇ ಜನಪ್ರಿಯವಾಯಿತು. (ಖಳನ ಮಾತಿನ ಧಾಟಿಯನ್ನು ಮಕ್ಕಳು ಅನುಕರಿಸುವುದು ನಾಯಕನ ಧಾಟಿಗಿಂತ ಹೆಚ್ಚೆಂಬುದನ್ನು ಶಾಲೆಯ ಉಪಾಧ್ಯಾಯರೇ ಹೇಳಬೇಕು.) ಅದೇ ವರ್ಷ ಹಿಂದಿಯಲ್ಲಿ ರೋಹಿತ್ ಶೆಟ್ಟಿಯವರು ಅಜಯ್ ದೇವಗನ್‌ರನ್ನು ನಾಯಕರನ್ನಾಗಿಸಿ ‘ಸಿಂಘಂ’ ತೆಗೆದರು, ಅಲ್ಲಿಯೂ ಖಳನಾಯಕ ಪ್ರಕಾಶ್ ರಾಜ್ ಅವರೇ. ತಮಿಳಿನಲ್ಲಿ ೨೦೧೩ ಮತ್ತು ೨೦೧೭ರಲ್ಲಿ ಎರಡನೆಯ, ಮೂರನೆಯ ಭಾಗಗಳು ಬಂದವು. ಇದಕ್ಕೂ ಮೊದಲು, ೨೦೦೩ರಲ್ಲಿ, ಹರಿಯವರೇ ವಿಕ್ರಂ ಅವರೊಡನೆ ‘ಸಾಮಿ’ ಎಂಬ ಪೊಲೀಸ್ ಚಿತ್ರವನ್ನು ಮಾಡಿದ್ದರು. ಅದು ಕನ್ನಡಕ್ಕೆ ‘ಅಯ್ಯ’ ಎಂಬ ಹೆಸರಿನಲ್ಲಿ ಬಂದಿತು. ‘ಸಾಮಿ’ಯಲ್ಲಿ ನಾಯಕನು ಖಳನನ್ನು ಗುಟ್ಟಾಗಿ ಕೊಂದು, ಆತ ತಲೆಮರೆಸಿಕೊಂಡಿದ್ದಾನೆಂದು ಲೋಕವನ್ನು ನಂಬಿಸುತ್ತಾನೆ. ಪ್ರೇಕ್ಷಕರಾದ ನಮಗೆ ಮಾತ್ರ ಆ ಗುಟ್ಟು ಗೊತ್ತು. ನಾವೂ ಆ ಕೃತ್ಯದ ಪಾಲುದಾರರಾಗಿ, ನಗುನಗುತ್ತ ಚಿತ್ರಮಂದಿರದಿಂದ ಹೊರಬರುತ್ತೇವೆ.

ಹಿಂದೆಯೂ ಪೊಲೀಸ್ ನಾಯಕರಿರಲಿಲ್ಲವೆಂದಲ್ಲ. ೧೯೭೪ರಲ್ಲಿ ಬಂದ ‘ತಂಗಪ್ಪದಕ್ಕಂ’ ತಮಿಳರು ಇಂದಿಗೂ ಮರೆಯದ ಚಿತ್ರ. ಶಿವಾಜಿ ಗಣೇಶನ್ ಅದರಲ್ಲಿ ಚೌಧರಿ ಎಂಬ ಪೊಲೀಸ್ ಅಧಿಕಾರಿ. ಹೆತ್ತ ಮಗನೇ ಅಪರಾಧಿಯಾಗಿ ದೇಶಕ್ಕೆ ಎರಡು ಬಗೆಯುವ ಮಟ್ಟಕ್ಕೆ ಇಳಿದಾಗ ತಂದೆಯೇ ಅವನಿಗೆ ಗುಂಡಿಕ್ಕಬೇಕಾಗುತ್ತದೆ. ಅಲ್ಲಿಯೂ ಗುಂಡು ಹಾರಿತು ನಿಜ. ಆದರೆ ಆ ಗುಂಡಿನ ಬೆಲೆಯನ್ನು ತೆತ್ತವನು ಅಧಿಕಾರಿಯೇ, ತನ್ನ ಮನೆಯ ದೀಪವನ್ನೇ ಆರಿಸಿಕೊಂಡು. ನೋಡುತ್ತಿದ್ದವರಿಗೆ ಕಣ್ಣೀರು ಬಂದಿತೇ ಹೊರತು ಚಪ್ಪಾಳೆ ತಟ್ಟಬೇಕೆನಿಸಲಿಲ್ಲ. ಕನ್ನಡದಲ್ಲಿ ೧೯೮೮ರಲ್ಲಿ ಶಂಕರ್‌ನಾಗ್ ಅವರ ‘ಸಾಂಗ್ಲಿಯಾನ’ ಬಂದಾಗ, ಬದುಕಿದ್ದ ಅಧಿಕಾರಿಯೊಬ್ಬರ ಹೆಸರನ್ನೇ ಹೊತ್ತ ನಾಯಕನನ್ನು ಕಂಡು ಜನ ಸಂತೋಷಪಟ್ಟರು. ಮುಂದಿನ ವರ್ಷಗಳಲ್ಲಿ ಕರ್ತವ್ಯದ ಬೆಲೆ ಕಡಿಮೆಯಾಗುತ್ತ ಬಂದು, ಏಟಿನ ಶಬ್ದ ದೊಡ್ಡದಾಗುತ್ತ ಹೋಯಿತು. ಇಂದಿನ ನಾಯಕನು ತೆರುವುದು ಹೆಚ್ಚೆಂದರೆ ಒಂದು ವರ್ಗಾವಣೆ.

ಇನ್ನು ನಿಜವಾದ ತೂತ್ತುಕುಡಿಗೆ ಬರೋಣ.

೨೦೨೦ರ ಜೂನ್ ತಿಂಗಳು, ಕೊರೋನಾ ಕಾಲ. ಅದೇ ತೂತ್ತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂ ಎಂಬ ಊರಿನಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ ತಂದೆ ಮತ್ತು ಮಗ. ನಿಗದಿತ ವೇಳೆ ಮೀರಿ ಅಂಗಡಿ ತೆರೆದಿದ್ದರೆಂಬ ಆಪಾದನೆಯ ಮೇಲೆ ೧೯ನೆಯ ತಾರೀಖು ಪೊಲೀಸರು ತಂದೆಯನ್ನು ಠಾಣೆಗೆ ಕರೆದೊಯ್ದರು. ವಿಚಾರಿಸಲು ಹೋದ ಮಗನೂ ಒಳಗಾದ. ಬಳಿಕ ಅವರನ್ನು ಕೋವಿಲ್‌ಪಟ್ಟಿಯ ಉಪಕಾರಾಗೃಹಕ್ಕೆ ಕಳಿಸಲಾಯಿತು. ೨೨ರ ರಾತ್ರಿ ಮಗ ತೀರಿಕೊಂಡ. ಮರುದಿನ ಬೆಳಿಗ್ಗೆ ತಂದೆ. ಮದ್ರಾಸ್ ಉಚ್ಚ ನ್ಯಾಯಾಲಯದ ಮದುರೈ ಪೀಠವು ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಂಡಿತು. ತನಿಖೆ ಸಿಬಿಐಗೆ ಹೋಗಿ, ಒಂಬತ್ತು ಮಂದಿ ಪೊಲೀಸರ ಮೇಲೆ ಕೊಲೆಯ ಆರೋಪಪಟ್ಟಿ ಸಲ್ಲಿಕೆಯಾಯಿತು.

ಆ ದಿನಗಳಲ್ಲಿ ‘ಸಿಂಗಂ’ ನಿರ್ದೇಶಕ ಹರಿಯವರು ಒಂದು ಹೇಳಿಕೆಯನ್ನು ಹೊರಡಿಸಿದರು. ಇಂಥ ಘಟನೆ ತಮಿಳುನಾಡಿನ ಯಾವ ಪ್ರಜೆಗೂ ಮತ್ತೆ ಆಗಬಾರದು, ತಪ್ಪಿತಸ್ಥರಿಗೆ ಅತ್ಯುಗ್ರ ಶಿಕ್ಷೆಯಾಗಬೇಕು ಎಂದ ಅವರು, ಪೊಲೀಸ್ ಇಲಾಖೆಯನ್ನು ವೈಭವೀಕರಿಸಿ ಐದು ಚಿತ್ರಗಳನ್ನು ಮಾಡಿದ್ದಕ್ಕಾಗಿ ಇಂದು ವ್ಯಥೆಪಡುತ್ತಿರುವುದಾಗಿ ತಿಳಿಸಿದರು. ಚಿತ್ರರಂಗದವರಿಂದ ಇಂಥ ಮಾತು ಬರುವುದು ಅಪರೂಪ. ಗೆದ್ದ ಚಿತ್ರವನ್ನು ಸೋತ ಚಿತ್ರದಂತೆ ನೋಡಬಲ್ಲ ನಿರ್ದೇಶಕರು ಎಷ್ಟು ಮಂದಿ ಇದ್ದಾರೆ? ಅವರ ಪಶ್ಚಾತ್ತಾಪವನ್ನು ನಾವು ಗೌರವಿಸುತ್ತೇವೆ. ಚಿತ್ರವನ್ನು ನೋಡಿಯೇ ಪೊಲೀಸರು ಹೊಡೆದರೆಂದು ಹೇಳುವುದು ಸರಿಯಾಗಲಾರದು. ಸಿನಿಮಾ ಹುಟ್ಟುವ ಮೊದಲೂ ಲಾಠಿ ಇತ್ತು. ಆದರೆ ಲಾಠಿಯ ಏಟನ್ನು ಕಂಡಾಗ ‘ಏನೋ ಮಾಡಿರಬೇಕು, ಅದಕ್ಕೇ ಹೊಡೆದಿದ್ದಾರೆ’ ಎಂದು ಸುಮ್ಮನಾಗುವ ನಮ್ಮ ಮನಸ್ಸನ್ನು ಹದಗೊಳಿಸಿದ್ದು ಇಂಥ ಚಿತ್ರಗಳೇ ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ಆ ಪ್ರಕರಣದಲ್ಲಿ ನಿಜವಾದ ಶೌರ್ಯವನ್ನು ತೋರಿದವರು ಒಬ್ಬರಿದ್ದಾರೆ. ಅದೇ ಠಾಣೆಯ ಮಹಿಳಾ ಹೆಡ್ ಕಾನ್ಸ್‌ಟೇಬಲ್. ವಿಚಾರಣೆಗೆಂದು ಮ್ಯಾಜಿಸ್ಟ್ರೇಟರು ಠಾಣೆಗೆ ಬಂದಾಗ, ಅವರಿಗೇ ಸರಿಯಾಗಿ ಸಹಕಾರ ಕೊಡದಂಥ ವಾತಾವರಣದಲ್ಲಿ, ರಾತ್ರಿಯಿಡೀ ತಂದೆ ಮಕ್ಕಳನ್ನು ಹೊಡೆದದ್ದನ್ನೂ ರಕ್ತದ ಕಲೆಗಳನ್ನೂ ಕುರಿತು ಆಕೆ ಕಂಡದ್ದನ್ನು ಕಂಡಂತೆ ಹೇಳಿದರು. ಮರುದಿನ ಅದೇ ಇಲಾಖೆಯಲ್ಲಿ ದುಡಿಯಬೇಕಾದವರು, ಮನೆಯಲ್ಲಿ ಮಕ್ಕಳಿರುವವರು. ಅವರ ಕೈಯಲ್ಲಿ ಪಿಸ್ತೂಲಿರಲಿಲ್ಲ, ಹಿನ್ನೆಲೆಯಲ್ಲಿ ಸಂಗೀತವಿರಲಿಲ್ಲ. ಹೇಳಿದ್ದಕ್ಕೆ ಸಹಿ ಹಾಕಿದರು, ಅಷ್ಟೆ. ನಲ್ಲೂರಿನ ಕಾಲ್ಪನಿಕ ಸಬ್‌ಇನ್‌ಸ್ಪೆಕ್ಟರ್ ಯಾವ ಸಹಿಗಾಗಿ ಪಟ್ಟುಹಿಡಿದನೋ ಅದರ ನಿಜವಾದ ವಾರಸುದಾರರು ಇವರೆಂದು ನಮಗೆ ತೋರುತ್ತದೆ.

ಜನರೇಕೆ ಪರದೆಯ ಮೇಲಿನ ಗುಂಡಿಗೆ ಚಪ್ಪಾಳೆ ತಟ್ಟುತ್ತಾರೆಂಬುದನ್ನು ತಿಳಿಯುವುದು ಕಷ್ಟವಲ್ಲ. ನಮ್ಮ ನ್ಯಾಯಾಲಯಗಳಲ್ಲಿ ಐದು ಕೋಟಿಗೂ ಮಿಕ್ಕಿ ಮೊಕದ್ದಮೆಗಳು ಕೊಳೆಯುತ್ತಿವೆ. ಹೊಲದ ಬದುವಿನ ವ್ಯಾಜ್ಯಕ್ಕೆ ಅಜ್ಜ ಹಾಕಿದ ದಾವೆಗೆ ಮೊಮ್ಮಗ ಹಾಜರಾಗುವುದನ್ನು ನಮ್ಮ ಹಳ್ಳಿಗಳ ಮನೆಗಳೇ ಬಲ್ಲವು. ಸಾಕ್ಷಿ ಹೇಳಿದವನು ಊರು ಬಿಡುತ್ತಾನೆ, ಹಣವಂತನು ಬಿಡುಗಡೆಯಾಗಿ ಹಾರ ಹಾಕಿಸಿಕೊಳ್ಳುತ್ತಾನೆ. ಇದನ್ನೆಲ್ಲ ನೋಡಿ ಬೇಸತ್ತ ಮನುಷ್ಯನಿಗೆ ಮೂರು ಗಂಟೆಯಲ್ಲಿ ತೀರ್ಪು ಕೊಡುವ ಚಿತ್ರಮಂದಿರ ತಂಪೆನಿಸಿದರೆ ಅವನನ್ನು ದೂಷಿಸುವುದು ಹೇಗೆ? ಮುಂಬಯಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿದ್ದ ಗೌತಮ್ ಪಟೇಲರು ೨೦೨೩ರಲ್ಲಿ ಒಂದು ಸಮಾರಂಭದಲ್ಲಿ ಹಿಂದಿಯ ‘ಸಿಂಘಂ’ ಹೆಸರೆತ್ತಿಯೇ ಈ ಮಾತನ್ನಾಡಿದರು. ಪೊಲೀಸರೆಲ್ಲ ಒಟ್ಟಾಗಿ ಖಳನ ಮೇಲೆ ಬಿದ್ದು ನ್ಯಾಯ ದೊರಕಿತೆಂಬಂತೆ ಚಿತ್ರ ಮುಗಿಯುತ್ತದೆ, ನಿಜವಾಗಿ ದೊರಕಿತೇ ಎಂದು ಅವರು ಪ್ರಶ್ನಿಸಿದರು. ನ್ಯಾಯಾಲಯಗಳು ತಮ್ಮ ಕೆಲಸ ಮಾಡುತ್ತಿಲ್ಲವೆಂಬ ಭಾವನೆ ಜನರಲ್ಲಿರುವುದರಿಂದಲೇ ಇಂಥ ಅವಸರದ ನ್ಯಾಯಕ್ಕೆ ಸ್ವಾಗತ ದೊರೆಯುತ್ತಿದೆ ಎಂಬುದನ್ನೂ ಅವರು ಮರೆಮಾಚಲಿಲ್ಲ.

ಪರದೆಯ ಚಪ್ಪಾಳೆ ಬೀದಿಗೆ ಬಂದದ್ದನ್ನೂ ನಾವು ಕಂಡಿದ್ದೇವೆ. ೨೦೧೯ರ ಡಿಸೆಂಬರ್ ೬ರಂದು ಹೈದರಾಬಾದಿನ ಬಳಿ, ಪಶುವೈದ್ಯೆಯೊಬ್ಬರ ಮೇಲಿನ ಘೋರ ಕೃತ್ಯದ ನಾಲ್ವರು ಆರೋಪಿಗಳು ಪೊಲೀಸರ ಗುಂಡಿಗೆ ಬಲಿಯಾದಾಗ ಜನ ಪೊಲೀಸರ ಮೇಲೆ ಹೂಮಳೆ ಸುರಿಸಿದರು, ಸಿಹಿ ಹಂಚಿದರು. ಆ ಹೆಣ್ಣುಮಗಳಿಗಾದದ್ದನ್ನು ನೆನೆದರೆ ಆ ರೋಷ ಯಾರಿಗೂ ಅರ್ಥವಾಗುವಂಥದೇ. ಆದರೆ ಸರ್ವೋಚ್ಚ ನ್ಯಾಯಾಲಯ ನೇಮಿಸಿದ ಆಯೋಗವು ೨೦೨೨ರಲ್ಲಿ ಬೇರೆಯೇ ವರದಿ ಕೊಟ್ಟಿತು. ಆರೋಪಿಗಳು ಸಾಯಬೇಕೆಂಬ ಉದ್ದೇಶದಿಂದಲೇ ಗುಂಡು ಹಾರಿಸಲಾಯಿತೆಂದೂ, ಹತ್ತು ಮಂದಿ ಪೊಲೀಸರು ಕೊಲೆಯ ವಿಚಾರಣೆಗೆ ಗುರಿಯಾಗಬೇಕೆಂದೂ ಅದು ಅಭಿಪ್ರಾಯಪಟ್ಟಿತು. ವರದಿ ಬಂದ ದಿನ ಹೂವು ಸುರಿಸಿದವರಾರೂ ಬೀದಿಯಲ್ಲಿರಲಿಲ್ಲ.

ಶರಣ ಬಂಧುಗಳಿಗೆ ಇಲ್ಲಿ ಒಂದು ಹಳೆಯ ನೆನಪನ್ನು ಮಾಡಿಕೊಡುವುದು ಅನಿವಾರ್ಯ. ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಮದುವೆಯಾದಾಗ ಬಿಜ್ಜಳನ ಆಸ್ಥಾನ ಮಾಡಿದ್ದೇನು? ವರ್ಣ ಕೆಟ್ಟಿತೆಂದು ಕೂಗಿದವರ ಮಾತಿಗೆ ಮಣಿದು, ಆ ಇಬ್ಬರು ಹಿರಿಯರನ್ನು ಎಳೆಹೂಟೆಯ ಶಿಕ್ಷೆಗೆ ಗುರಿಪಡಿಸಿತೆಂದು ನಮ್ಮ ಪರಂಪರೆ ಹೇಳುತ್ತದೆ. ಆ ದಿನ ಬೀದಿಯಲ್ಲಿ ನಿಂತವರಲ್ಲಿ ದುಷ್ಟರಿಗೆ ತಕ್ಕ ಶಾಸ್ತಿಯಾಯಿತೆಂದು ಹಿಗ್ಗಿದವರೂ ಇದ್ದಿರಲೇಬೇಕು. ಅವಸರದ ಶಿಕ್ಷೆಗೆ ಬಲಿಯಾದವರ ಮಕ್ಕಳು ನಾವು. ಅಂಥ ಶಿಕ್ಷೆಯನ್ನು ಕಂಡು ಹಿಗ್ಗುವ ಸಾಲಿನಲ್ಲಿ ನಿಲ್ಲುವ ಮೊದಲು ನಮಗೆ ಬೇರೆಯವರಿಗಿಂತ ಹೆಚ್ಚಿನ ಸಂಕೋಚವಿರಬೇಕಲ್ಲವೇ? ಬಸವಣ್ಣನವರ ಮನೆಯ ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಕರುಗಳು ಕೊರಗುತ್ತವೆಂದು ಅವನ್ನೂ ಕಳ್ಳರಿಗೇ ಕಳಿಸಿಕೊಟ್ಟರೆಂಬ ಕಥೆಯನ್ನು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅದು ಮಹಾನುಭಾವರ ದಾರಿ. ಠಾಣೆಯನ್ನು ಆ ಕಥೆಯಿಂದ ನಡೆಸಲಾಗದು, ನಡೆಸಬೇಕೆಂದು ನಾವು ಹೇಳುವುದೂ ಇಲ್ಲ. ಕಳ್ಳನನ್ನು ಹಿಡಿಯಲೇಬೇಕು. ಹಿಡಿದವನನ್ನು ೨೪ ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ ೨೨ನೆಯ ವಿಧಿ ಹೇಳುತ್ತದೆ. ಬಂಧಿಸಿದ ಸುದ್ದಿಯನ್ನು ಮನೆಯವರಿಗೆ ಮುಟ್ಟಿಸಬೇಕು, ವೈದ್ಯರಿಂದ ಪರೀಕ್ಷೆ ಮಾಡಿಸಬೇಕು ಎಂಬ ನಿಯಮಗಳನ್ನು ೧೯೯೬ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಡಿ.ಕೆ. ಬಸು ಪ್ರಕರಣದಲ್ಲಿ ವಿಧಿಸಿತು. ನಮ್ಮ ಮನೆಯ ಹುಡುಗನೇ ತಪ್ಪು ಹೆಸರಿನಿಂದ ಒಂದು ರಾತ್ರಿ ಠಾಣೆಯಲ್ಲಿ ಕುಳಿತಿದ್ದರೆ ನಾವು ಮೊದಲು ಹುಡುಕುವುದು ಈ ನಿಯಮಗಳನ್ನೇ.

ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಪೊಲೀಸರಿದ್ದಾರೆ. ಅವರು ಈ ಬರಹವನ್ನು ತಪ್ಪಾಗಿ ತಿಳಿಯಬಾರದು. ೨೦೧೯ರ ಜನವರಿಯಲ್ಲಿ ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು ಲಿಂಗೈಕ್ಯರಾದಾಗ ತುಮಕೂರಿಗೆ ಹರಿದುಬಂದ ಲಕ್ಷಾಂತರ ಭಕ್ತರನ್ನು ನೆನೆಯಿರಿ. ರಾತ್ರಿಯಿಡೀ ಸರದಿಯಲ್ಲಿ ನಿಂತ ವೃದ್ಧರನ್ನು ಕೈಹಿಡಿದು ದಾಟಿಸಿದವರು, ಅಳುವ ಜನರನ್ನು ಗದರಿಸದೆ ಮುಂದಕ್ಕೆ ಕಳಿಸಿದವರು ಖಾಕಿ ತೊಟ್ಟವರೇ. ಜಾತ್ರೆ, ರಥೋತ್ಸವಗಳಲ್ಲಿ ನಮ್ಮ ಮಕ್ಕಳು ಬೆಂಡು ಬತ್ತಾಸು ತಿನ್ನುವಾಗ ಬಿಸಿಲಲ್ಲಿ ನಿಂತಿರುವವರ ಮಕ್ಕಳು ಮನೆಯಲ್ಲಿ ದಾರಿ ಕಾಯುತ್ತಿರುತ್ತಾರೆ. ಇದು ಕಾಯಕ. ಇದರ ಮೇಲೆ ಯಾರೂ ಚಿತ್ರ ತೆಗೆಯುವುದಿಲ್ಲ. ತಮಿಳು ಚಿತ್ರರಂಗವೇ ಈಚೆಗೆ ಇನ್ನೊಂದು ಮುಖವನ್ನೂ ತೋರಿಸತೊಡಗಿದೆ ಎಂಬುದನ್ನು ಮಾತ್ರ ಹೇಳಬೇಕು. ೨೦೧೫ರ ‘ವಿಸಾರಣೈ’, ೨೦೨೧ರ ‘ಜೈ ಭೀಮ್’ ಠಾಣೆಯೊಳಗಿನ ಹಿಂಸೆಯನ್ನು ಮುಚ್ಚುಮರೆಯಿಲ್ಲದೆ ಕಂಡವು. ೨೦೨೪ರ ‘ವೇಟ್ಟೈಯನ್’ ಚಿತ್ರದಲ್ಲಿಯಂತೂ ರಜನಿಕಾಂತರಂಥ ನಾಯಕನೇ ನಿರಪರಾಧಿಯನ್ನು ಕೊಂದ ಪೊಲೀಸ್ ಅಧಿಕಾರಿಯಾಗಿ ತನ್ನ ಗುಂಡಿಗೆ ತಾನೇ ಉತ್ತರ ಹುಡುಕಬೇಕಾಗುತ್ತದೆ.

ಈ ವಿಷಯವನ್ನು ಎತ್ತಿಕೊಳ್ಳಲು ಪ್ರೇರಣೆಯಾದದ್ದು ಬೆಳಗಾವಿ ಕಡೆಯ ಒಬ್ಬ ತಾಯಿಯ ಪತ್ರ. ಅವರ ಮಗ ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ಪೊಲೀಸ್ ಚಿತ್ರಗಳೆಂದರೆ ಪ್ರಾಣ. ತಾನೂ ಪಿಎಸ್‌ಐ ಆಗಬೇಕೆಂಬ ಹಂಬಲ. ಊರ ಜಾತ್ರೆಯಲ್ಲಿ ಗೆಳೆಯನ ಮೊಬೈಲ್ ಕಾಣೆಯಾದಾಗ ಇವನೂ ಇವನ ಗೆಳೆಯರೂ ಸೇರಿ, ಆಟಿಕೆ ಮಾರುತ್ತಿದ್ದ ಹುಡುಗನೊಬ್ಬನನ್ನು ಅನುಮಾನದಿಂದ ಹಿಡಿದು, ಗುಡಿಯ ಹಿಂದೆ ಒಯ್ದು ಹೊಡೆದರಂತೆ. ಒಬ್ಬ ಅದನ್ನು ಚಿತ್ರೀಕರಿಸಿಕೊಂಡನಂತೆ. ಮೊಬೈಲ್ ಆಮೇಲೆ ಗೆಳೆಯನ ಮನೆಯ ಹಾಸಿಗೆಯಡಿಯಲ್ಲಿಯೇ ಸಿಕ್ಕಿತು. ‘ಮನೆಯಲ್ಲಿ ಇನ್ನು ಮುಂದೆ ಇಂಥ ಸಿನಿಮಾ ಬಂದ್ ಮಾಡಲೇನು? ಅವನ ತಂದೆ, ಹುಡುಗರು ಅಂದಮೇಲೆ ಇದೆಲ್ಲಾ ಇದ್ದದ್ದೇ ಅನ್ನುತ್ತಾರೆ’ ಎಂದು ಆ ತಾಯಿ ಕೇಳಿದ್ದಾರೆ.

ತಾಯಿ, ಸಿನಿಮಾ ಬಂದ್ ಮಾಡಿದರೆ ಅವನು ಅಂಗೈಯ ಪರದೆಯಲ್ಲಿ ನೋಡುತ್ತಾನೆ. ಬದಲಿಗೆ ‘ಸಿಂಗಂ’ ಅನ್ನೋ ‘ಕೆಂಪೇಗೌಡ’ವನ್ನೋ ಅವನೊಡನೆ ಕುಳಿತು ನೋಡಿರಿ. ಠಾಣೆಯಲ್ಲಿ ಸಹಿ ಹಾಕಿಸುವ ಪ್ರಸಂಗ ಬಂದಾಗ ಅಲ್ಲಿಯೇ ನಿಲ್ಲಿಸಿ, ಇವನಿಗೆ ಈ ಧೈರ್ಯ ಎಲ್ಲಿಂದ ಬಂತೆಂದು ಕೇಳಿರಿ. ಅವನಿಗೆ ಪಿಎಸ್‌ಐ ಆಗುವ ಹಂಬಲವಿದ್ದರೆ ಒಳ್ಳೆಯದೇ ಆಯಿತು. ಅದಕ್ಕೆ ಪದವಿ ಬೇಕು, ಪರೀಕ್ಷೆ ಬರೆಯಬೇಕು, ಆಯ್ಕೆಯಾದ ಮೇಲೆ ತರಬೇತಿಯಲ್ಲಿ ಕವಾಯತಿನ ಜೊತೆಗೆ ಕಾನೂನನ್ನೂ ಕಲಿಯಬೇಕು ಎಂಬುದನ್ನು ತಿಳಿಸಿರಿ. ರಜೆಯ ಒಂದು ದಿನ ತಂದೆಯೊಡನೆ ತಾಲೂಕಿನ ನ್ಯಾಯಾಲಯಕ್ಕೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತು ಬರಲಿ. ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಬೇಸರದ ಕೆಲಸವೆಂದು ಅವನಿಗೆ ತೋರಬಹುದು, ತೋರಲಿ.

ಆದರೆ ಇವೆಲ್ಲ ಎರಡನೆಯ ಮಾತು. ಆ ಚಿತ್ರೀಕರಣವನ್ನು ಹುಡುಗರ ಕೈಯಿಂದ ಅಳಿಸಿಹಾಕಿಸಿರಿ ಎಂದು ನಾವು ಹೇಳುವುದಿಲ್ಲ. ಅದನ್ನು ಅವನ ತಂದೆ ಒಮ್ಮೆ ಪೂರ್ತಿ ನೋಡಲಿ. ನೋಡಿದ ಮೇಲೆ ಹುಡುಗರ ಆಟವೆಂಬ ಮಾತು ಅವರ ಬಾಯಿಂದ ಬರುವುದೇ ಎಂದು ನೋಡೋಣ. ಬಳಿಕ ತಂದೆ, ಮಗ ಇಬ್ಬರೂ ಆ ಆಟಿಕೆಯ ಹುಡುಗನ ಮನೆಗೆ ಹೋಗಬೇಕು. ಹಣ ಕೊಟ್ಟು ಬರುವುದಕ್ಕಲ್ಲ. ಮಗನು ತಾನು ಮಾಡಿದ್ದನ್ನು ಅವನ ತಾಯಿಯೆದುರು ತನ್ನ ಬಾಯಿಂದಲೇ ಹೇಳುವುದಕ್ಕೆ. ಹುಡುಗನ ಮನೆ ಎಲ್ಲಿದೆಯೆಂದು ಹುಡುಕಬೇಕಾಗಿಲ್ಲ. ನಿಮ್ಮ ಓಣಿಯಿಂದ ಎರಡು ಓಣಿ ಆಚೆ, ಕೆರೆಯ ದಂಡೆಗೆ ಎಂದು ನೀವೇ ಪತ್ರದ ಕೊನೆಯಲ್ಲಿ ಬರೆದಿದ್ದೀರಿ.